ಎಡಗಿವಿ

ಗಿಟಾರಿನ ಪಟ್ಟಿ ಅವಳ ಭುಜದ ಮೇಲೆ ತಿರುಚಿಕೊಂಡಿದೆ, ಯಾರಾದರೂ ಸರಿ ಮಾಡಬಾರದಾ, ಎಂಟುನೂರು ಜನ ನೋಡ್ತಿದಾರೆ, ನನ್ನ ಕೈ ತಾನಾಗೇ ಎದ್ದು ಮತ್ತೆ ಮಡಿಲಿಗೆ ಬೀಳುತ್ತೆ — ಸ್ಕೂಲಿಗೆ ಹೊರಟಾಗ ಅವಳ ಚೀಲದ ಪಟ್ಟಿ ಸರಿ ಮಾಡ್ತಿದ್ದವಳು ನಾನೇ ಅಲ್ವಾ, ಈಗ ನೋಡು, ತಾನೇ ಬರೆದು ತಾನೇ ಹಾಡೋ ಹುಡುಗಿ ಅಂತ ಗೋಡೆಗೋಡೆಗೆ ಚಿತ್ರ ಅಂಟಿಸಿಕೊಂಡು, ಎಂಟು ಊರು ಮುಗಿಸಿ ಒಂಬತ್ತನೆಯದಕ್ಕೆ ನಮ್ಮೂರಿಗೆ ಬಂದಿದಾಳೆ ನನ್ನ ತಂಗಿ, ಹುಟ್ಟಿದಾಗ ಆಸ್ಪತ್ರೆ ಎದ್ದು ಕೂರೋ ಹಾಗೆ ಅತ್ತಳು ಅಂತ ಅಪ್ಪ ಇಟ್ಟ ಹೆಸರು ಸೈರನ್, ಕಡ್ಡಿ ಥರ ಇದ್ದ ನನಗೆ ಮೊಳೆ, ಏನಯ್ಯಾ ಬಸ್ ಡ್ರೈವರಾಗಿ ಮನೇಲಿ ಮೊಳೆ ಇಟ್ಕೊಂಡಿದೀಯಾ ಅಂತ ಡಿಪೋದಲ್ಲೆಲ್ಲ ನಗ್ತಿದ್ರಂತೆ. ಏನಂದಳು, ಏನಂದಳು ಈಗ — ಅಮ್ಮ ಎಡಗಿವಿಯನ್ನು ನನ್ನ ಬಾಯಿಗೆ ತರ್ತಾಳೆ. ಸ್ಪೀಕರಿನ ಸದ್ದಿಗೆ ಕಿವಿ ಮಿಷನ್ ಕುಯ್ ಅನ್ನುತ್ತೆ ಅಂತ ತೆಗೆದು ಪರ್ಸಿಗೆ ಹಾಕಿದಾಳೆ, ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಗೆ ಬಾಯಿ ಹಚ್ಚಿ ಹೇಳಿದರಷ್ಟೇ ಮಾತು. ನಾಲ್ಕು ಹಾಡಾಯ್ತು, ಒಂದೊಂದು ಸಾಲೂ ನಾನೇ ಹೇಳಿದೀನಿ, ಸೋರೋ ಬಾಡಿಗೆ ರೂಮಿನ ಹಾಡು, ಬ್ರೇಕಿಲ್ಲದ ಸೈಕಲ್ ಮಾರಿದವನ ಹಾಡು, ಎಲ್ಲರೂ ನಕ್ಕು ಮುಗಿಸಿದ ಮೇಲೆ ಅಮ್ಮ ಒಬ್ಬಳೇ ನಗ್ತಾಳೆ, ನಾನೇ ಮಾಡಿಕೊಟ್ಟ ಕಟ್ಟುಹಲ್ಲಿನಲ್ಲಿ. ಟ್ಯೂನ್ ಮಾಡ್ಕೋತಿದಾಳಮ್ಮಾ, ಇನ್ನೂ ಏನೂ ಹೇಳಿಲ್ಲ. ಹೇಳದಿರಲಿ, ತಂತಿ ಕಡಿದು ಹೋಗಲಿ, ಕರೆಂಟು ಹೋಗಲಿ.

ಹೋದ ವಾರ ಬಸ್ಸಿನಿಂದ ಫೋನು, ಅಕ್ಕಾ ಹೊಸದೊಂದು ಬರ್ದಿದೀನಿ, ನಿಮ್ಮೂರಲ್ಲೇ ಮೊದಲು ಹಾಡೋದು, ಬೈಬೇಡ. ಯಾವುದರ ಮೇಲೆ ಕಣೇ? ಬಂದು ಕೇಳು, ಅಮ್ಮನ್ನೂ ಕರ್ಕೊಂಡು ಬಾ. ಆವತ್ತಿಂದ ನಾನು ಕೆಲಸ ಮಾಡೋ ಹಲ್ಲಿನ ಲ್ಯಾಬಿನಲ್ಲಿ ಎರಡು ಹಲ್ಲುಸೆಟ್ಟು ಹಾಳು ಮಾಡಿದೆ, ಮೇಲಿನ ಸಾಲು ಕೆಳಗಿನ ಸಾಲಿಗೆ ಕೂರಲೇ ಇಲ್ಲ, ಏನಮ್ಮಾ ಇದನ್ನ ಹಾಕ್ಕೊಂಡೋರು ನಗೋದಾ ಕಚ್ಚೋದಾ ಅಂದ್ರು ಯಜಮಾನರು. ನಿನಗೆ ಕೇಳ್ಸಲ್ವಲ್ಲಮ್ಮಾ, ಯಾಕೆ ಸುಮ್ನೆ ಬರ್ತೀಯಾ ಅಂದರೆ, ನೀನಿದೀಯಲ್ಲ, ಒಬ್ಬ ಮಗಳ ಹಾಡು ಇನ್ನೊಬ್ಬ ಮಗಳ ಬಾಯಲ್ಲಿ ಕೇಳ್ತೀನಿ, ಅಂದಳು, ಹೊಸ ಸೀರೆ ಉಟ್ಟು ನಾಲ್ಕು ಗಂಟೆಗೇ ಬಾಗಿಲಲ್ಲಿ ನಿಂತಳು, ನಾನು ಚಪ್ಪಲಿ ಹುಡುಕೋ ನಾಟಕ ಎಷ್ಟು ಹೊತ್ತು ಆಡಲಿ.

ಒಂದೇ ತಂತಿ ಮೀಟಿದಳು. ಇದೇ. ನನಗೆ ಗೊತ್ತು ಇದೇ — ಆ ಮಧ್ಯಾಹ್ನ ಮೂರು ಗಂಟೆ, ಅಮ್ಮ ಮಿಷನ್ ಹಾಕಿಸ್ಕೊಳ್ಳೋಕೆ ಹೋಗಿದ್ದಳು, ನಾನು ಅಡುಗೆಮನೆ ಮೇಜಿನ ಮೇಲೆ ಅವಸರದ ಆರ್ಡರು ಹಾಕ್ಕೊಂಡು ಮೇಣದಲ್ಲಿ ಹಲ್ಲು ಕೂರಿಸ್ತಿದ್ದೆ, ಮೇಣ ಆರಿದರೆ ಮತ್ತೆ ಮೊದಲಿಂದ, ಪಾರ್ಶ್ವವಾಯು ಹೊಡೆದು ಮಲಗಿದ್ದ ಅಪ್ಪ ಬೆಳಗಿಂದ ಇಪ್ಪತ್ತು ಸಲ ಕೂಗಿದ್ರು, ದಿಂಬು ಸರಿಸು, ಫ್ಯಾನು ಕಡಿಮೆ ಮಾಡು, ಗಂಟೆ ಎಷ್ಟು, ಮತ್ತೆ ಗಂಟೆ ಎಷ್ಟು. ಮತ್ತೆ ಕೂಗಿದ್ರು, ಬಂದೆ ಅಂದೆ. ಮತ್ತೆ, ಬಂದೆ ಬಂದೆ ಅಂದೆ. ಮೂರನೇ ಸಲ ಅದನ್ನೂ ಅನ್ನಲಿಲ್ಲ, ಕೋರೆಹಲ್ಲೊಂದು ಬಾಕಿ ಇತ್ತು. ಅದನ್ನು ಕೂರಿಸಿ, ಕೈ ಒರೆಸಿಕೊಂಡು ಹೋದರೆ ಅಪ್ಪ ಬಾಗಿಲ ಕಡೆ ನೋಡ್ತಾ ಇದ್ರು, ನೋಡ್ತಾ ಇರಲಿಲ್ಲ. ಕಣ್ಣು ಮುಚ್ಚಿಸಿದೆ. ಅಷ್ಟರಲ್ಲಿ ಅಮ್ಮ ಬಂದಳು, ಮೆಟ್ಟಿಲೂ ಸದ್ದು ಮಾಡುತ್ತೆ ಕಣೇ ಅಂತ ನಗ್ತಾ ಬಂದಳು, ಏನಂತ ಹೇಳಲಿ, ನಿದ್ದೆಯಲ್ಲೇ ಹೋದ್ರಮ್ಮಾ ಅಂದೆ, ಒಂದು ಸದ್ದೂ ಮಾಡ್ಲಿಲ್ಲ. ಮೂರು ವರ್ಷದಿಂದ ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳ್ತಾಳೆ ಅಮ್ಮ, ಪುಣ್ಯವಂತರು, ಯಾರನ್ನೂ ಕರೀಲಿಲ್ಲ. ತಂಗಿಗೊಬ್ಬಳಿಗೆ ನಿಜ ಹೇಳಿದ್ದೆ, ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು, ಆಣೆ ಹಾಕಿಸಿಕೊಳ್ಳಲಿಲ್ಲ, ತಂಗಿ ಅಲ್ವಾ.

ಹಾಡ್ತಿದಾಳೆ. ಮೇಣ ಅನ್ನಲಿಲ್ಲ, ಹಲ್ಲು ಅನ್ನಲಿಲ್ಲ, ಅಕ್ಕ ಅನ್ನಲಿಲ್ಲ, ನಾನು ನಾನು ಅಂತಿದಾಳೆ, ತಾನೇ ಹೋಗದಿದ್ದವಳ ಹಾಗೆ — ಬಂದೆ ಬಂದೆ ಅಂದೆ, ಒಂದು ಬಾಗಿಲಿನ ದೂರ, ಬರಲಿಲ್ಲ ನಾನು. ಅಯ್ಯೋ ಹುಚ್ಚಿ, ನೀನು ಆವತ್ತು ಈ ಊರಲ್ಲೇ ಇರಲಿಲ್ಲವಲ್ಲೇ, ಇಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ಅಮ್ಮನಿಗೆ ಗೊತ್ತು. ಹಾಡು ಅಂದರೆ ಪ್ರಾಣ ಬಿಡೋ ಊರು ಇದು, ಇಲ್ಲಿ ನಲ್ಲಿ ರಿಪೇರಿಯವನೂ ತಾಳ ತಪ್ಪದೆ ಸ್ಪ್ಯಾನರ್ ತಿರುಗಿಸ್ತಾನೆ, ಎರಡು ಸಲ ಕೇಳಿದ್ದೇ ಸಾಕು, ಪಕ್ಕದ ಮುದುಕರು ಕಣ್ಣು ಮುಚ್ಚಿ ಬಂದೆ ಬಂದೆ, ಹಿಂದಿನ ಸಾಲು ಬಂದೆ ಬಂದೆ, ಟಿಕೆಟ್ ಹರಿದವನು ಬಾಗಿಲಿಗೆ ಒರಗಿ ಬಂದೆ ಬಂದೆ, ಇಡೀ ಸಭೆ ನನ್ನ ಸುಳ್ಳನ್ನು ಹಾಡ್ತಿದೆ. ಅಮ್ಮನ ತಲೆ ತೂಗ್ತಿದೆ, ಎಲ್ಲರ ಬಾಯಿ ನೋಡಿ ನೋಡಿ ನಗ್ತಿದಾಳೆ, ಎಲ್ಲರೂ ಏನಂತಿದಾರೆ ಕಣೇ, ನನಗೂ ಹೇಳು. ಕಿವಿ ಬಂತು. ಯಾರೋ ಯಾರನ್ನೋ ಕಾಯೋ ಹಾಡಮ್ಮಾ. ಯಾರನ್ನ? ಕಿವಿ ಹೋಗಲ್ಲ. ಸುಕ್ಕು, ಬಿಳಿ ನವಿರು, ಓಲೆಯ ಭಾರಕ್ಕೆ ಸೀಳಿದ ತೂತು, ಇಷ್ಟು ಹತ್ತಿರದಿಂದ ಏನು ಹೇಳಿದರೂ ನಂಬುತ್ತೆ ಇದು, ಪ್ರೇಮದ ಹಾಡು ಅಂದರೂ ನಂಬುತ್ತೆ, ಅಂದುಬಿಡು, ಅಂದುಬಿಡು — ಅಪ್ಪ ಕರೆದ್ರಮ್ಮಾ. ಆವತ್ತು. ಮೂರು ಸಲ. ನಾನು ಬಂದೆ ಬಂದೆ ಅಂದೆ, ಹೋಗಲಿಲ್ಲ, ಅದೇ ಹಾಡು ಇದು.

ಚಪ್ಪಾಳೆ. ಎಲ್ಲರೂ ಎದ್ದರು, ವೇದಿಕೆ ಕಾಣ್ತಿಲ್ಲ, ಬರೀ ಬೆನ್ನುಗಳು, ನಾವಿಬ್ಬರೇ ಕೂತಿದೀವಿ ಬಾವಿಯೊಳಗೆ ಕೂತ ಹಾಗೆ. ಅಮ್ಮ ನನ್ನ ಮುಖ ನೋಡಲ್ಲ. ನಗು ಇನ್ನೂ ಹಲ್ಲಿನ ಮೇಲೇ ಇದೆ, ಇಳಿಸೋದು ಮರೆತ ಹಾಗೆ. ಏನಂತ ಕರೆದ್ರು, ಅಂತಾಳೆ. ಅಮ್ಮಾ ಹೊರಗೆ ಹೋಗೋಣ. ಏನಂತ ಕರೆದ್ರು ಹೇಳು. ಮೊಳೆ ಅಂದ್ರು, ಎರಡು ಸಲ. ಮೂರನೇ ಸಲ? ತಂಗಿಗೂ ಇದನ್ನು ಹೇಳಿಲ್ಲ, ನಲ್ಲಿಯ ಸದ್ದಿನೊಳಗೂ ಹೇಳಿಲ್ಲ, ಮೂರನೇ ಸಲ ನನ್ನನ್ನಲ್ಲಮ್ಮಾ, ಇವಳೇ ಅಂದ್ರು, ಇವಳೇ, ನಲವತ್ತು ವರ್ಷ ನಿನ್ನನ್ನ ಕರೆದ ಹಾಗೇ — ಹೇಳಿದೆನಾ, ಹೇಳಿದೆ, ನನ್ನ ಉಸಿರು ಅವಳ ಕೂದಲಿಗೆ ತಾಗಿ ವಾಪಸು ಬರ್ತಿದೆ, ಕಿವಿ ಮಾತ್ರ ಸರಿಯಲ್ಲ, ಇನ್ನೂ ಬೇಕು ಅನ್ನೋ ಹಾಗೆ ಇಲ್ಲೇ ಇದೆ, ನನ್ನ ತುಟಿ ಹತ್ತಿರ, ಈ ಕಿವಿ, ಕೆಂಪಾಗ್ತಾ ಇರೋ ಈ ಕಿವಿ.