ತಪಾಸಣೆಯ ಗುಡಗೇರಿಯವರು

ಕೈಗೆ ಬಂದ ಯಾವ ವಸ್ತುವನ್ನೂ ಉಮಾಕಾಂತ ಗುಡಗೇರಿಯವರು ಹಾಗೆಯೇ ಸ್ವೀಕರಿಸಿದ್ದನ್ನು ನಾನು ಕಂಡಿಲ್ಲ. ಲಗ್ನಪತ್ರಿಕೆಯಾಗಲಿ, ಸ್ಟೀಲಿನ ಲೋಟವಾಗಲಿ, ಬುಟ್ಟಿಯ ಕಿತ್ತಳೆಯಾಗಲಿ, ಅದನ್ನು ಕಣ್ಣಿನ ಮಟ್ಟಕ್ಕೆತ್ತಿ, ಎಡಗಣ್ಣು ಮುಚ್ಚಿ, ಬೆಳಕಿಗೆ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿಸಿದ ಮೇಲೆಯೇ ಅವರ ಬಾಯಿಂದ ‘ಹೂಂ’ ಹೊರಡುವುದು. ನಮ್ಮ ಗೃಹಪ್ರವೇಶದ ದಿನ ನನ್ನ ಹೆಂಡತಿ ಬಡಿಸಿದ ಹೋಳಿಗೆಗೂ ಇದೇ ಮರ್ಯಾದೆ ಸಂದಿತು. ಆಕೆ ಅದನ್ನು ಎರಡು ವರ್ಷ ಮರೆಯಲಿಲ್ಲ.

ಧಾರವಾಡದ ಕಡೆಯ ಈ ಮನುಷ್ಯ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನಾಗಪುರಕ್ಕೆ ಬಂದು, ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಮೂವತ್ತೈದು ವರ್ಷ ಹಿತ್ತಾಳೆಯ ಬಿಡಿಭಾಗಗಳನ್ನು ಗೇಜು ಎಂಬ ಅಳತೆಯ ಉಪಕರಣಕ್ಕೆ ಕೊಟ್ಟು ನೋಡಿದವರು. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ಕಾರ್ಖಾನೆಯ ಬೂದುಬಣ್ಣದ ಮೇಲಂಗಿ ಅವರನ್ನು ಬಿಟ್ಟಿರಲಿಲ್ಲ. ಮನೆಯ ನಲ್ಲಿ ಸೋರಿದರೂ ಮೊದಲು ಆ ಅಂಗಿ ತೊಟ್ಟು, ಜೇಬಿನಲ್ಲಿ ಉಕ್ಕಿನ ಅಳತೆಪಟ್ಟಿ ಇದೆಯೇ ಎಂದು ಮುಟ್ಟಿ ನೋಡಿಕೊಂಡೇ ಕೆಲಸಕ್ಕೆ ಕೈಹಾಕುವರು. ನಡಿಗೆಯೂ ಹಾಗೆಯೇ: ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿ, ಎರಡು ಸಾಲು ಯಂತ್ರಗಳ ನಡುವೆ ಹೋಗುತ್ತಿರುವವರಂತೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತ. ‘ಕೆಟ್ಟಿದೆ’ ಎಂಬ ಮಾತು ಅವರ ನಾಲಗೆಯ ಮೇಲೆ ಬಂದದ್ದಿಲ್ಲ. ಹುಳಿ ಹಿಡಿದ ಮೊಸರಿಗೂ, ಮಾತು ತಪ್ಪಿದ ಮನುಷ್ಯನಿಗೂ ಅವರದು ಒಂದೇ ತೀರ್ಪು, ‘ಇನ್ನೂ ಪಾಸಾಗಿಲ್ಲ.’

ಇಂಥವರಿಗೆ ಗೆಳೆಯರು ಕಡಿಮೆ. ಆದರೆ ಕಾಮಠಿಯ ಬಾಬು ಎಂಬ ಲೇತ್ ಕೆಲಸಗಾರ ಈಗಲೂ ದೀಪಾವಳಿಗೆ ತಪ್ಪದೆ ಬಂದು ಅವರ ಕಾಲು ಮುಟ್ಟಿ ಹೋಗುತ್ತಾನೆ. ಹಿಂದೊಮ್ಮೆ ಅವನು ತಿರುವಿದ ನಾನೂರು ಭಾಗಗಳು ಅಳತೆ ಮೀರಿವೆಯೆಂದು ಮೇಲಿನವರು ಅವನ ಅಮಾನತಿನ ಕಾಗದ ಸಿದ್ಧಮಾಡಿದಾಗ, ಗುಡಗೇರಿಯವರು ಸಹಿ ಹಾಕದೆ, ಭಾಗಗಳನ್ನು ಬದಿಗಿಟ್ಟು ಗೇಜನ್ನೇ ಪರೀಕ್ಷೆಗೆ ಕಳಿಸಿದರಂತೆ. ಸವೆದದ್ದು ಗೇಜು. ಬಾಬುವಿನ ಕೈ ಸರಿಯಾಗಿಯೇ ಇತ್ತು.

ಅವರ ಪತ್ನಿ ಚಾರುಲತಾ ಅವರು ಮಾತ್ರ ಗಂಡನಿಗೆ ತದ್ವಿರುದ್ಧ. ವಾಯುಪಡೆಯ ಕನ್ನಡ ಕುಟುಂಬಗಳ ಮಕ್ಕಳನ್ನು ಭಾನುವಾರ ಕೂಡಿಸಿಕೊಂಡು, ಹಿಂದಿ ಮರಾಠಿಗಳಲ್ಲಿ ಮುಳುಗಿಹೋದ ಅವರ ಬಾಯಿಗೆ ಅಕ್ಷರಮಾಲೆ ಹಚ್ಚುತ್ತಿದ್ದ ಆಕೆಯ ಮಾತು ನೆಲಮಹಡಿಯ ಅವರ ಮನೆಯಿಂದ ಮೂರನೆಯ ಮಹಡಿಯ ನಮಗೂ ಕೇಳಿಸುತ್ತಿತ್ತು. ಕಳೆದ ಚಳಿಗಾಲದಲ್ಲಿ ಬಂದ ಪಾರ್ಶ್ವವಾಯು ಬಲಗೈಯನ್ನೂ ಆ ಮಾತನ್ನೂ ಒಟ್ಟಿಗೆ ಕೊಂಡೊಯ್ದಿತು. ಎಲ್ಲವೂ ಅರ್ಥವಾಗುವುದು, ಹೇಳಬೇಕಾದ್ದು ಮನಸ್ಸಿನಲ್ಲಿ ಸ್ಪಷ್ಟವಾಗಿರುವುದು, ತುಟಿಯ ಬಳಿ ಬಂದು ಪದ ಒಡೆದುಹೋಗುವುದು.

ವಾಕ್‌ಚಿಕಿತ್ಸೆಗೆ ವಾರಕ್ಕೆರಡು ದಿನ ಬೆಳಿಗ್ಗೆ ಮನೆಗೆ ಬರುತ್ತಿದ್ದ ಕೃಪಾ ಎಂಬ ಬೆಂಗಳೂರಿನ ತರುಣಿ ಏಪ್ರಿಲ್ ತಿಂಗಳಲ್ಲಿ ಹೊಸ ಟ್ಯಾಬ್ಲೆಟ್ ಒಂದನ್ನು ಕೊಳ್ಳಲು ಹೇಳಿದಳು. ಪರದೆಯ ಮೇಲೆ ಚೌಕಗಳು, ಚೌಕಕ್ಕೊಂದು ಚಿತ್ರ, ಎಡಗೈ ಬೆರಳಿನಿಂದ ಮುಟ್ಟಿದರೆ ಟ್ಯಾಬ್ ಆ ಮಾತನ್ನು ಆಡುವುದು. ಮೊದಲು ಮಾತುಗಳನ್ನು ಧ್ವನಿಮುದ್ರಿಸಿದವಳು ಕೃಪಾ. ಅವಳ ‘ನೀರು ಕೊಡಿ’ ಕೇಳಿ ಚಾರುಲತಾ ಅವರು ಮುಖ ಸಿಂಡರಿಸಿದರು. ಅದು ತಮ್ಮ ಕನ್ನಡವಲ್ಲ. ಕೊನೆಗೆ ಗುಡಗೇರಿಯವರೇ ಬಾಗಿಲು ಹಾಕಿಕೊಂಡು ಮೂವತ್ತು ಮಾತುಗಳನ್ನು ಊರಿನ ಧಾಟಿಯಲ್ಲಿ ಹೇಳಿ ತುಂಬಿದರು. ಹೀಗಾಗಿ ಗಂಡ ತನ್ನ ಧ್ವನಿಯಲ್ಲಿಯೇ ‘ಸುಮ್ನ ಕೂಡ್ರಿ’ ಎಂದು ಬೈಸಿಕೊಳ್ಳುವ ಪ್ರಸಂಗ ಆ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ನಡೆಯತೊಡಗಿತು. ಇಬ್ಬರೂ ಅದಕ್ಕೆ ನಗುತ್ತಿದ್ದರು.

ಆ ನಗು ಎರಡು ವಾರ ಬಾಳಿತು. ಆಮೇಲೆ ಮಧ್ಯಾಹ್ನಗಳಲ್ಲಿ ಬಲತುದಿಯ ಸಾಲಿನ ಚೌಕಗಳು ಉತ್ತರ ಕೊಡದಾದವು. ಆ ಸಾಲಿನಲ್ಲಿದ್ದ ಮಾತುಗಳು ಬ್ಯಾಡ, ಸಾಕು, ನೋವು ಮೊದಲಾದವು. ಅಡುಗೆಯ ಕಲಾವತಿ ಅನ್ನ ಬಡಿಸುತ್ತಲೇ ಇರುವಳು, ಚಾರುಲತಾ ಅವರು ಬೆರಳೂರಿ ಒತ್ತುತ್ತಲೇ ಇರುವರು, ಟ್ಯಾಬ್ ಮೌನ. ‘ಬೇಕು’ ಎನ್ನಲು ಬರುತ್ತಿತ್ತು, ‘ಬೇಡ’ ಎನ್ನಲು ಬರುತ್ತಿರಲಿಲ್ಲ. ಬೆಳಿಗ್ಗೆ ಕೃಪಾ ಬಂದಾಗ ಎಲ್ಲ ಚೌಕಗಳೂ ಮಾತಾಡುತ್ತಿದ್ದವು. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದವರಿಗೆ ಬಲಗಡೆಯದು ಕಣ್ಣಿಗೆ ತಪ್ಪಿಹೋಗುವುದುಂಟು, ದಣಿದಷ್ಟೂ ಅದು ಹೆಚ್ಚುತ್ತದೆ ಎಂದು ಅವಳು ಬಿಡಿಸಿ ಹೇಳಿದಳು. “ಅಮ್ಮನಿಗೆ ಮಧ್ಯಾಹ್ನದ ಹೊತ್ತಿಗೆ ಬಲಗಡೆ ಸರಿಯಾಗಿ ಕಾಣಿಸ್ತಿಲ್ಲ ಅನ್ಸುತ್ತೆ ಸರ್. ಇನ್ನೊಂದ್ಸಲ ಸ್ಕ್ಯಾನ್ ಮಾಡಿಸೋಣ” ಎಂದಳು. ಹೇಳಿದ್ದು ಶಾಸ್ತ್ರಕ್ಕೆ ಸರಿಯಾಗಿಯೇ ಇತ್ತು. ಸ್ಕ್ಯಾನಿಗೆ ದಿನ ಗೊತ್ತಾಯಿತು. ಚಾರುಲತಾ ಅವರು ಟ್ಯಾಬನ್ನು ಮಂಚದ ಆಚೆ ತುದಿಗೆ ದೂಡಿ ಗೋಡೆಯ ಕಡೆ ಹೊರಳಿದರು.

ಗುಡಗೇರಿಯವರೂ ಐದು ದಿನ ಅದನ್ನು ನಂಬಿದ್ದರು. ಜಗತ್ತಿನ ಹೋಳಿಗೆಗಳನ್ನೆಲ್ಲ ಪರೀಕ್ಷಿಸಿದವರು ಹೆಂಡತಿಯ ಮೇಲೆ ಬಂದ ತೀರ್ಪನ್ನು ಪರೀಕ್ಷಿಸದೆ ಒಪ್ಪಿಕೊಂಡದ್ದರ ನಾಚಿಕೆಯನ್ನು ಅವರೇ ಮುಂದೆ ನನ್ನೆದುರು ತೋಡಿಕೊಂಡರು. ಆರನೆಯ ದಿನ ಮಧ್ಯಾಹ್ನ ಬೂದು ಅಂಗಿ ತೊಟ್ಟು ಮಂಚದ ಬಳಿ ಕೂತರು. ಎರಡು ಲೋಹದ ಮೈಗಳು ಎಲ್ಲಿ ತಾಗುತ್ತವೆಂದು ತಿಳಿಯಲು ಕಾರ್ಖಾನೆಯಲ್ಲಿ ನೀಲಿಬಣ್ಣ ಸವರುತ್ತಿದ್ದರಂತೆ. ಮನೆಯಲ್ಲಿ ನೀಲಿ ಎಲ್ಲಿಯದು? ದೇವರ ಜಗಲಿಯ ಮೇಲಿನ ವಿಭೂತಿಯನ್ನು ತಂದು, ಹೆಂಡತಿಯ ತೋರುಬೆರಳ ತುದಿಗೆ ಸವರಿ, ‘ಬ್ಯಾಡ’ ಮುಟ್ಟು ಎಂದರು. ಆಕೆ ಒಲ್ಲದ ಮನಸ್ಸಿನಿಂದ ಮುಟ್ಟಿದರು. ಟ್ಯಾಬ್ ಮಾತಾಡಲಿಲ್ಲ. ಕಪ್ಪು ಗಾಜಿನ ಮೇಲೆ ಬಿಳಿ ಗುರುತು ಚೌಕದ ನಟ್ಟನಡುವೆ ಮೂಡಿತ್ತು. ಮತ್ತೆ ಮುಟ್ಟಿಸಿದರು, ಮತ್ತೆ ನಡುವೆ. ಆಮೇಲೆ ತಮ್ಮ ಬೆರಳಿನಿಂದ ಒತ್ತಿದರು. ಅದೇ ಮೌನ.

“ನಿನ್ನ ಬಟ್ಟು ಬರೋಬರ್ ಐತಿ, ಚಾರೂ” ಎಂದರು. “ಕಣ್ಣೂ ಬರೋಬರ್ ಐತಿ. ಪಾಸಾಗದಿದ್ದದ್ದು ಇದು.”

ಆಕೆ ಆ ಬಿಳಿಯ ಗುರುತನ್ನೇ ಬಹಳ ಹೊತ್ತು ನೋಡಿದರಂತೆ.

ಮರುದಿನ ಮೆಟ್ರೋ ಹಿಡಿದು ಸೀತಾಬರ್ಡಿಯ ಸರ್ವಿಸ್ ಸೆಂಟರಿಗೆ ಹೋದರೆ, ಕೌಂಟರಿನ ನಿತಿನ್ ಎಂಬ ತರುಣ ಪರದೆಯ ಮೇಲೆ ಈ ತುದಿಯಿಂದ ಆ ತುದಿಗೆ ಗೆರೆ ಎಳೆದು ತೋರಿಸಿದ. ಗೆರೆ ಎಲ್ಲೂ ತುಂಡಾಗಲಿಲ್ಲ. ವಯಸ್ಸಾದವರ ಬೆರಳು ಒಣಗಿರುತ್ತದೆ, ಯಂತ್ರಕ್ಕೆ ತಿಳಿಯುವುದಿಲ್ಲ ಎಂದು ವಿನಯದಿಂದಲೇ ಹೇಳಿ, ದೋಷ ಕಂಡುಬಂದಿಲ್ಲವೆಂದು ಬರೆದುಕೊಟ್ಟ. ಗುಡಗೇರಿಯವರು ಆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು. ಮನೆಗೆ ಬಂದು ಮೂರು ದಿನ ಗಡಿಯಾರವನ್ನು ಎದುರಿಗಿಟ್ಟುಕೊಂಡು, ಟ್ಯಾಬ್ ಯಾವಾಗ ಹಚ್ಚಿದ್ದು, ಬಲಸಾಲು ಯಾವಾಗ ಮೂಕವಾದದ್ದು ಎಂದು ನೋಟ್‌ಬುಕ್ಕಿನಲ್ಲಿ ಬರೆದರು. ಮಧ್ಯಾಹ್ನ ಹಚ್ಚಿದ ಅರ್ಧ ಗಂಟೆಗೆ ಅದು ಮೂಕವಾಗುತ್ತಿತ್ತು.

ಎರಡನೆಯ ಸಲ ನಾನೂ ಜೊತೆಗೆ ಹೋದೆ. ಮೇ ತಿಂಗಳ ಮಟಮಟ ಮಧ್ಯಾಹ್ನ. ರಸ್ತೆಯಲ್ಲಿ ಜನ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಓಡಾಡುತ್ತಿದ್ದರು. ಅರ್ಧ ಗಂಟೆ ಕೂರಲು ಅಪ್ಪಣೆ ಬೇಡಿ, ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಗುಡಗೇರಿಯವರು ಬೆಂಚಿನ ಮೇಲೆ ಕೂತರು. ಅರ್ಧ ಗಂಟೆಯಾಯಿತು. ಬಲಸಾಲು ಮುಟ್ಟಿದರು. ‘ಬ್ಯಾಡ’ ಎಂದು ಅವರದೇ ಧ್ವನಿ ಆ ತಣ್ಣನೆಯ ಕೋಣೆಯಲ್ಲಿ ಗಟ್ಟಿಯಾಗಿ ಕೇಳಿತು. ಕಾದಿದ್ದ ಗಿರಾಕಿಗಳು ತಿರುಗಿ ನೋಡಿದರು. ನಲವತ್ತು ನಿಮಿಷ, ಐವತ್ತು ನಿಮಿಷ; ಪ್ರತಿ ಸಲವೂ ‘ಬ್ಯಾಡ.’ ನಿತಿನ್‌ನ ಮುಖದಲ್ಲಿ ಕನಿಕರ ಮೂಡಿತು, ಅದು ನನಗೆ ಅವನ ವಿನಯಕ್ಕಿಂತ ಅಸಹನೀಯವಾಗಿತ್ತು. ಹೋಗೋಣವೆಂದು ನಾನು ಎದ್ದೆ. ಗುಡಗೇರಿಯವರ ಮುಖ ಬಾಡಿತ್ತು. ದೋಷ ಟ್ಯಾಬಿನದಲ್ಲವಾದರೆ ಅದು ಎಲ್ಲಿಗೆ ಮರಳಿ ಹೋಗಿ ಕೂರುತ್ತದೆಂದು ಅವರಿಗೆ ಗೊತ್ತಿತ್ತು.

ಏಳುವಾಗ ಟ್ಯಾಬಿನ ಬೆನ್ನ ಮೇಲೆ ಅಂಗೈ ಇಟ್ಟವರು ಹಾಗೆಯೇ ನಿಂತುಬಿಟ್ಟರು. ಅದು ತಣ್ಣಗಿತ್ತು. ಮನೆಯಲ್ಲಿ ಚಾರುಲತಾ ಅವರಿಗೆ ಕೂಲರಿನ ಗಾಳಿ ಆಗದೆಂದು ಅವರ ಕೋಣೆಯಲ್ಲಿ ಬರಿಯ ಫ್ಯಾನು; ಮಧ್ಯಾಹ್ನ ಅಲ್ಲಿ ಟ್ಯಾಬಿನ ಬೆನ್ನು ಕಾದಿರುತ್ತಿತ್ತು. ಅವರು ಬಾಗಿಲು ತೆರೆದು ಹೊರಗೆ ಹೋದರು. ನಾನು ಹಿಂದೆಯೇ ನಡೆದೆ. ಅಂಗಡಿಯ ಛಾವಣಿಯ ನೆರಳಿನಲ್ಲಿ, ಬೆಂಕಿಯಂಥ ಗಾಳಿಗೆ ಮುಖ ಕೊಟ್ಟು ಹದಿನೈದು ನಿಮಿಷ ನಿಂತೆವು. ಬಲಸಾಲನ್ನು ಮುಟ್ಟಿದರು. ಮೌನ. ಆಗ ಗಾಜಿನ ಬಾಗಿಲನ್ನು ಬೆರಳಿನಿಂದ ತಟ್ಟಿ ನಿತಿನ್‌ನನ್ನು ಹೊರಗೆ ಕರೆದರು. ಅವನು ಗೆರೆ ಎಳೆದ; ಬಲತುದಿಗೆ ಒಂದು ಬೆರಳಗಲ ಇರುವಾಗ ಗೆರೆ ನಿಂತಿತು.

ಈ ಬಿಸಿಲಿಗೆ ಯಾವ ಟ್ಯಾಬ್ ಆದರೂ ಹೀಗೇ ಎಂದು ನಿತಿನ್ ಬೆವರೊರೆಸಿಕೊಂಡ. ಈ ಮಾತಿಗೇ ಕಾದಿದ್ದವರಂತೆ ಗುಡಗೇರಿಯವರು, ಇದರ ತಮ್ಮ ಒಳಗೆ ಶೋಕೇಸಿನಲ್ಲಿ ಕೂತಿದ್ದಾನಲ್ಲ, ಅವನನ್ನೂ ಹೊರಗೆ ಕರೆದುಕೊಂಡು ಬಾ ಎಂದು ಹಿಂದಿಯಲ್ಲಿ ಹೇಳಿದರು. ನಿತಿನ್ ಒಳಗೆ ಹೋಗಿ, ಅದೇ ಮಾದರಿಯ ಇನ್ನೊಂದನ್ನು ತಂದ. ಎರಡನ್ನೂ ಹಚ್ಚಿ ಮೆಟ್ಟಿಲ ಮೇಲೆ ಅಕ್ಕಪಕ್ಕ ಇಟ್ಟು ಮತ್ತೆ ಅರ್ಧ ಗಂಟೆ ಕಾದೆವು. ನಿತಿನ್ ಒಳಗೆ ಹೋಗಲಿಲ್ಲ; ಕೆಲಸದ ಕುತೂಹಲ ಅವನನ್ನೂ ಹಿಡಿದಿತ್ತು. ತಮ್ಮನ ಮೇಲೆ ಗೆರೆ ತುದಿಯವರೆಗೆ ಹರಿಯಿತು. ಅಣ್ಣನ ಮೇಲೆ ಅದೇ ಬೆರಳಗಲಕ್ಕೆ ನಿಂತಿತು. ಮೂರು ಸಲ ಎಳೆದು ನೋಡಿದ ಆ ತರುಣ, “ಕಾಕಾ, ತುಮಚಂ ಬರೋಬರ್ ಆಹೆ” ಎಂದು, ನಿಮ್ಮದೇ ಸರಿಯೆಂದು ಮರಾಠಿಯಲ್ಲಿ ಒಪ್ಪಿಕೊಂಡ. ಒಳಗೆ ಹೋಗಿ ಹಳೆಯ ಬರಹವನ್ನು ಹೊಡೆದುಹಾಕಿ, ತಯಾರಿಕೆಯ ದೋಷ, ಬದಲಿಸಿಕೊಡತಕ್ಕದ್ದು ಎಂದು ಹೊಸದಾಗಿ ಬರೆದ.

ಬದಲಿ ಟ್ಯಾಬ್ ಬರಲು ಹನ್ನೊಂದು ದಿನ ಹಿಡಿಯಿತು. ಅಷ್ಟರಲ್ಲಿ ನಡೆದದ್ದನ್ನು ಕೇಳಿದ ಕೃಪಾ ಬೇಸರಿಸಿಕೊಳ್ಳದೆ, ತಾನು ಮಧ್ಯಾಹ್ನ ಒಮ್ಮೆ ಬಂದು ನೋಡಬೇಕಿತ್ತು ಎಂದು ಒಪ್ಪಿಕೊಂಡು ಸ್ಕ್ಯಾನನ್ನು ತಡೆಹಿಡಿದಳು. ಹೊಸದು ಬಂದ ಮೇಲೂ ಗುಡಗೇರಿಯವರು ಅದನ್ನು ಎರಡು ಮಧ್ಯಾಹ್ನ ತಾವೇ ಇಟ್ಟುಕೊಂಡು ನೋಡಿದರು. ಮೂರನೆಯ ದಿನ ಕೃಪಾಳ ಎದುರಿಗೇ ಹೆಂಡತಿಯ ಮುಂದಿಟ್ಟು, ಬಲಸಾಲನ್ನು ಇಪ್ಪತ್ತು ಸಲ ಮುಟ್ಟಲು ಹೇಳಿದರು. ಹದಿನೇಳು ಸಲ ಟ್ಯಾಬ್ ಮಾತಾಡಿತು. ಮೂರು ಸಲ ಬೆರಳು ಚೌಕದ ಗೆರೆಯಾಚೆ ಬಿದ್ದಿತ್ತು.

“ಈ ಮೂರು ನಿನ್ನವು, ಚಾರೂ” ಎಂದರು ಗುಡಗೇರಿಯವರು.

ಕೃಪಾ ಗಾಬರಿಯಾಗಿ, ತಡೆಯುವಂತೆ ಗುಡಗೇರಿಯವರ ತೋಳು ಮುಟ್ಟಿದಳು. ಆದರೆ ಚಾರುಲತಾ ಅವರು ಕಣ್ಣೀರು ಹಾಕಲಿಲ್ಲ. ತಲೆಯಾಡಿಸಿ, ಟ್ಯಾಬನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡು, ಎಡಗೈ ಬೆರಳನ್ನು ಮತ್ತೆ ಮೊದಲ ಚೌಕದಿಂದ ಮುಂದಕ್ಕೆ ನಡೆಸತೊಡಗಿದರು.

ತಪ್ಪು ಹುಡುಕುವವರನ್ನು ಲೋಕ ಪ್ರೀತಿಸುವುದಿಲ್ಲ, ಪ್ರೀತಿಸಬೇಕೆಂದು ಅವರು ಕೇಳುವುದೂ ಇಲ್ಲ. ನಾವು ಸಾಮಾನ್ಯರು ಕಷ್ಟದಲ್ಲಿರುವವರಿಗೆ ಸಾಂತ್ವನ ಹೇಳಿ ಎದ್ದುಹೋಗುತ್ತೇವೆ. ಹಾಗೆ ಹೇಳುವಾಗಲೇ ಒಳಗೊಳಗೆ ದೋಷವನ್ನು ಅತ್ಯಂತ ದುರ್ಬಲರ ಮೇಲೆ ಹೊರಿಸಿಯೂ ಇರುತ್ತೇವೆ. ಅದು ಅಲ್ಲಿ ಹೊಂದಿಕೊಳ್ಳುತ್ತದೆ, ಯಾರೂ ಎದುರು ಮಾತಾಡುವುದಿಲ್ಲ. ತಪ್ಪು ಹುಡುಕುವ ಈ ಜಾತಿಯ ಮನುಷ್ಯರಿಗೆ ಸಾಂತ್ವನದ ಭಾಷೆ ಬಾರದು. ಯಾರದು ಎಷ್ಟು ಎಂಬುದನ್ನು ಅವರು ಅಳೆದು ಕೊಡುತ್ತಾರೆ, ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಡಿಮೆಯಿಲ್ಲ. ಹಾಗೆ ಅಳೆಸಿಕೊಂಡವರಿಗೆ ಮಾತ್ರ ಗೊತ್ತು, ತನ್ನದಲ್ಲದ ತಪ್ಪು ಇಳಿದ ಮೇಲೆ ತನ್ನದೇ ಆದದ್ದನ್ನು ಹೊರುವುದು ಎಷ್ಟು ಹಗುರವೆಂಬುದು.