ಚೌಕಾಕ್ಕೆ ಯಾರ ದುಡ್ಡು

ಹೆಂಡತಿಯನ್ನು ಬಿಟ್ಟು ಒಬ್ಬರೇ ಬರುವ ಗಂಡಂದಿರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಬೆಳಗಾವಿಯಲ್ಲಿ ನನ್ನದೊಂದು ಸಲಹೆಯ ಕೆಲಸ. ಮನೆ ಅಡವಿಟ್ಟು ಬ್ಯಾಂಕಿನಿಂದ ತಿಂಗಳು ತಿಂಗಳು ಹಣ ಪಡೆಯಬೇಕೆನ್ನುವ ಹಿರಿಯರಿಗೆ ಅದರ ಒಳಹೊರಗು ತಿಳಿಸುತ್ತೇನೆ. ರಿವರ್ಸ್ ಮಾರ್ಟ್‌ಗೇಜ್ ಎನ್ನುತ್ತಾರೆ ಅದಕ್ಕೆ. ಇಬ್ಬರ ಜೊತೆಗೂ ಮಾತಾಡದೆ ನಾನು ಸಹಿ ಹಾಕುವವಳಲ್ಲ.

ರಾಮತೀರ್ಥ ನಗರದ ಶೀತಲ ಅವರೂ ಹಾಗೆಯೇ ಹೆಂಡತಿಯನ್ನು ಬಿಟ್ಟು ಒಬ್ಬರೇ ಬಂದು ಕುಳಿತರು. ರವಿವಾರ ಪೇಟೆಯಲ್ಲಿ ಅಕ್ಕಿ, ಬೇಳೆಯ ಸಗಟು ವ್ಯಾಪಾರ ಮಾಡಿದವರು. ಮೊಣಕಾಲು ಕೈಕೊಟ್ಟ ಮೇಲೆ ಅಂಗಡಿಯನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಮಕ್ಕಳಿಲ್ಲ.

"ಮನಿಯವರು ಎಲ್ಲ್ಯದಾರ್ರಿ?"

"ರತ್ನಮಾಲಾ ಖಾನಾಪುರದಾಗ ಅದಾಳ್ರಿ ಬಾಯಾರ. ಮಹಾರಾಜರ ಚಾತುರ್ಮಾಸ ಅಲ್ಲೇ ಐತಲ್ಲ, ಚೌಕಾ ಹಚ್ಚ್ಯಾಳ. ಆಕಿಗೆ ನಾ ಎಲ್ಲಾ ಹೇಳೀನ್ರಿ."

"ಏನಂತ?"

"ಬ್ಯಾಂಕಿನವರು ಪೆನ್ಶನ್ ಕೊಡ್ತಾರ ಅಂತ."

"ಪೆನ್ಶನ್ನ? ಏಳ್ರಿ, ಗಾಡಿ ತಗೀರಿ. ಖಾನಾಪುರಕ್ಕ ಹೋಗೂಣು."

ದಾರಿಯುದ್ದಕ್ಕೂ ಮಳೆ. ಮಳೆಗಿಂತ ಜೋರು ಶೀತಲ ಅವರ ಬಾಯಿ. ಅಂಗಡಿಗೆ ಒಂದು ಚೀಲ ಮಾಲನ್ನೂ ಉದ್ರಿ ತಂದವರಲ್ಲವಂತೆ. ಸಾಲ ಮಾಡಿದವರ ಮನೆಯ ಚಹಾ ಕೂಡ ಕುಡಿದವರಲ್ಲವಂತೆ. ಹಾಗಾದರೆ ಈಗ ಬಂದ ಆಪತ್ತಾದರೂ ಏನು ಎಂದೆ.

ಚೌಕಾ ಎಂದರೆ ಮಹಾರಾಜರಿಗಾಗಿ, ಅಂದರೆ ಜೈನ ಮುನಿಗಳಿಗಾಗಿ, ಮಡಿಯಿಂದ ಹೂಡುವ ಪ್ರತ್ಯೇಕ ಅಡುಗೆಮನೆ. ಮಳೆಗಾಲದ ನಾಲ್ಕು ತಿಂಗಳು ಮುನಿಗಳು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಕೋಣೆ ಹಿಡಿದು ರತ್ನಮಾಲಾ ಪ್ರತಿವರ್ಷ ಚೌಕಾ ಹಚ್ಚುತ್ತಾರೆ. ಅಂಗಡಿಯ ಬಾಡಿಗೆಯೋ ಔಷಧಿ, ಮನೆ ಖರ್ಚಿಗೇ ಸರಿಹೋಗುತ್ತಿತ್ತು.

"ಇದ ಕಡೀ ವರ್ಷ, ಇನ್ನ ಆಗೂದಿಲ್ಲ ಅಂದಳ್ರಿ. ಅಂದು ಹಿತ್ತಲಕ್ಕ ಹೋಗಿ ಅತ್ತಳು. ನೋಡಾಕ ಆಗಲಿಲ್ರಿ ನನಗ."

ನನ್ನ ಸಿಟ್ಟು ಅರ್ಧ ಇಳಿಯಿತು. ಪೂರ್ತಿ ಇಳಿಸಿಕೊಳ್ಳುವುದು ನನ್ನ ಜಾಯಮಾನದಲ್ಲಿಲ್ಲ.

ನಾವು ಖಾನಾಪುರ ಮುಟ್ಟುವಷ್ಟರಲ್ಲಿ ಮಹಾರಾಜರ ಆಹಾರ ಮುಗಿದಿತ್ತು. ರತ್ನಮಾಲಾ ನನ್ನನ್ನು ಚೌಕಾದ ಹೊಸ್ತಿಲಾಚೆಯೇ ಕೂರಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಎದುರಿಗೆ ಕುಳಿತರು. ನಾನು ಬಿಡಿಸಿ ಹೇಳಿದೆ.

"ಇದು ಸಾಲರಿ. ಬಡ್ಡಿನೂ ಬೆಳೀತದ. ನೀವಿಬ್ಬರೂ ಇರೂತನಕಾ ಮನ್ಯಾಗ ಇರಬಹುದು, ಕಂತು ಕಟ್ಟೂದಿಲ್ಲ. ಆಮ್ಯಾಲ ಬ್ಯಾಂಕಿನವರು ಮನಿ ಮಾರಿ ಸಾಲ ಮುರಕೋತಾರ."

"ಮನಿ ಹೋಗ್ಲಿ ಬಿಡ್ರಿ. ಹೊತಗೊಂಡು ಹೋಗಾಕ ಬರ್ತದೇನು?" ಎಂದು ನಕ್ಕವರು ತಟ್ಟನೆ ಗಂಡನ ಕಡೆ ತಿರುಗಿದರು. "ಆದ್ರ ಸಾಲದ ರೊಕ್ಕದಾಗ ದಾನ ಮಾಡಾಕ ಬರ್ತದೇನ್ರಿ? ಸ್ವಂತ ದುಡಿಮಿದು ಇರಬೇಕು. ಗೊತ್ತಿಲ್ದ ಮಹಾರಾಜರ ಕೈಯಾಗ ಸಾಲದ ಅನ್ನ ಇಡತಿದ್ನಲ್ರಿ! ಬ್ಯಾಡ, ಇದ ಕಡೀ ಚೌಕಾ ಆಗ್ಲಿ."

ಶೀತಲ ಅವರು ನನ್ನ ಮೇಲೆ ಹರಿಹಾಯ್ದರು. "ಬಾಯಾರ, ನೀವು ಕೆಲಸಾ ಮಾಡಾಕ ಬಂದ್ರೋ, ಕೆಡಸಾಕ ಬಂದ್ರೋ?"

"ಸುಳ್ಳು ಹೇಳಿದವರು ನೀವು, ಬೈಸಿಕೊಳ್ಳಾಕ ನಾ ಬೇಕೇನು?" ಎಂದೆ ನಾನೂ.

ರತ್ನಮಾಲಾ ಎದ್ದು ಪಾತ್ರೆ ತೊಳೆಯತೊಡಗಿದರು. ಅವರ ಬೆನ್ನು ನೋಡುತ್ತ ಕುಳಿತ ನನಗೆ, ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು ಎಂದೂ ಒಂದು ಕ್ಷಣ ಅನ್ನಿಸಿತು. ಶೀತಲ ಅವರು ಮೊಣಕಾಲು ನೀವಿಕೊಳ್ಳುತ್ತ ಹೆಂಡತಿಯ ಕಡೆ ತಿರುಗಿದರು. ಮೆಲ್ಲಗೆ ಹೇಳಿದರು:

"ಅಂಗಡಿ ನನ್ನ ದುಡಿಮಿದಲ್ಲೇನ? ಅದರ ಬಾಡಿಗಿ ಪೂರ್ತಿ ನಿನ್ನ ಚೌಕಾಕ್ಕ ಇರ್ಲಿ. ಬ್ಯಾಂಕಿನ ಸಾಲದ್ದು ನಾ ಉಣತೀನಿ."

ನನ್ನ ಕಣ್ಣು ತುಂಬಿ ಬಂತು. ಉದ್ರಿ ಎಂದರೆ ಮೂಗು ಮುರಿಯುವ ಮನುಷ್ಯ!

ರತ್ನಮಾಲಾ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟರು. ಹೊಸ್ತಿಲ ತನಕ ಬಂದು ಗಂಡನನ್ನೇ ನೋಡುತ್ತ ನಿಂತರು.

"ಒಬ್ಬರ ಯಾಕ ಉಣತೀರಿ? ನನಗೂ ಅದನ್ನ ಬಡಸ್ರಿ."