ಕೊಯ್ಯದ ಕಿವಿ

ಒಂದು ಕಾಲವಿತ್ತಂತೆ, ಕುರಿಗಳು ಇನ್ನೂ ಮಾತು ಮರೆತಿರಲಿಲ್ಲವಂತೆ, ಭೀಮೆಯ ದಂಡೆಯಲ್ಲಿ ಒಬ್ಬಳು ಕುರುಬರ ಹುಡುಗಿ ಇದ್ದಳಂತೆ — ಆಯಿ, ಅಪ್ಪನ ಅವ್ವ, ಪ್ರತಿ ಸಲ ಹೀಗೇ ಶುರುಮಾಡುತ್ತಾಳೆ, ಕಾಲು ಚಾಚಿ, ಉಣ್ಣೆ ಹಿಂಜುತ್ತ — ಕಂಪ್ಯೂಟರಿನ ಮೇಲೆ ಈ ಸಣ್ಣ ಚಕ್ರ ಅವಳ ಕದಿರಿನ ಹಾಗೆ ತಿರುಗುತ್ತಿದೆ, ತಿರುಗುತ್ತಲೇ ಇದೆ, ನೂಲು ಮಾತ್ರ ಬರುವುದಿಲ್ಲ, ಸಿಂದಗಿ ಬಸ್ ಸ್ಟ್ಯಾಂಡಿನ ಎದುರು ಮುಕ್ತಾರಣ್ಣನ ಝೆರಾಕ್ಸ್ ಅಂಗಡಿ, ನಾಲ್ಕು ಇಪ್ಪತ್ತು, ಐದಕ್ಕೆ ಅರ್ಜಿಯ ಗಡುವು ಮುಗಿಯುತ್ತದೆ, ಎರಡು ಸಲ ಬಂದು ಒತ್ತದೆ ಆಲಮೇಲಕ್ಕೆ ವಾಪಸು ಹೋದವಳು ನಾನು, ಇವತ್ತು ಒತ್ತೇ ಬರ್ತೇನಿ ಅಪ್ಪಾ ಎಂದು ಬೆಳಿಗ್ಗೆ ಫೋನಿನಲ್ಲಿ ಮಾತು ಕೊಟ್ಟಿದ್ದೇನೆ. ಎರಡು ವಿಶ್ವವಿದ್ಯಾಲಯಗಳಲ್ಲೂ ಸೀಟು ಸಿಕ್ಕಿದೆ, ವಿದ್ಯಾರ್ಥಿವೇತನ ಕೊಡುವವರು ಒಂದನ್ನು ಹೇಳು ಅನ್ನುತ್ತಾರೆ, ಪರದೆಯ ಮೇಲೆ ಎರಡು ಖಾಲಿ ಸೊನ್ನೆಗಳು, ಒಂದರೊಳಗೆ ಚುಕ್ಕೆ ಇಡಬೇಕು — ಮೇಲಿನದು ಲ್ಯಾಬ್ ಟೆಕ್ನಿಶಿಯನ್, ಮೂರು ವರ್ಷ, ಕೊನೆಯ ಆರು ತಿಂಗಳು ಆಸ್ಪತ್ರೆಯಲ್ಲೇ, ಆಮೇಲೆ ನೌಕರಿ, ಕೆಳಗಿನದು ಲಿಬರಲ್ ಆರ್ಟ್ಸ್, ಇತಿಹಾಸವನ್ನೂ ಓದು ಗಣಿತವನ್ನೂ ಓದು ನಾಟಕವನ್ನೂ ಆಡು, ಮುದುಕಿಯರು ಹೇಳುವ ಕಥೆಗಳ ಬಗ್ಗೆಯೇ ಒಂದು ಇಡೀ ಪಾಠವಿದೆಯಂತೆ, ಏನಾಗಬೇಕೆಂದು ಎರಡನೆಯ ವರ್ಷ ಹೇಳಿದರೆ ಸಾಕಂತೆ.

ಅದನ್ನ ಓದಿ ನೀ ಏನಾಗ್ತಿ, ಸುಭಾಸ ಕಾಕಾ ಕೇಳಿದ್ದು ಇದೊಂದೇ, ಆಲಮೇಲದಿಂದ ಇಲ್ಲಿಯ ತನಕ ಬೈಕಿನ ಮೇಲೆ ಕೇಳಿದ್ದು. ಕಾಕಾನ ಮಾತು ಸುಳ್ಳೂ ಅಲ್ಲ — ಆಯಿಯ ಸಕ್ಕರೆ ಕಾಯಿಲೆಯ ರಕ್ತ ಪರೀಕ್ಷೆಗೆ ಸಿಂದಗಿಗೆ ಬಂದಾಗ ಲ್ಯಾಬಿನ ಹುಡುಗಿ, ನೀಲಿ ಕೈಗವಸು, ಸುಕ್ಕುಗಟ್ಟಿದ ಕೈಯಲ್ಲಿ ನರವನ್ನು ಒಂದೇ ಸಲಕ್ಕೆ ಹುಡುಕಿದಳು, ಚುಚ್ಚಿದ್ದ ಗೊತ್ತಾಗ್ಲಿಲ್ಲ ನನ್ನವ್ವಾ ಅಂದಳು ಆಯಿ, ನನ್ನ ಕೈಯೂ ಅಂಥ ಕೈಯಾಗಬಾರದೇಕೆ ಎಂದು ವಾರಗಟ್ಟಲೆ ಕೈ ನೋಡಿಕೊಂಡೆ. ಅದಕ್ಕೇ ಅರ್ಧ ತಾಸಿನ ಹಿಂದೆ ಕಾಕಾ ಮ್ಯಾಗಿಂದ ಒತ್ತು ಅಂದಾಗ ಒತ್ತಿದೆ, ಓಟಿಪಿ ಅಪ್ಪನ ಫೋನಿಗೆ ಹೋಯಿತು, ಫಾರ್ಮು ತುಂಬುವಾಗ ಮನೆಯಲ್ಲಿದ್ದದ್ದು ಅದೊಂದೇ ನಂಬರು, ಅಪ್ಪ ಮುದ್ದೇಬಿಹಾಳದ ಕಡೆ ಬಸವಂತರಾಯರ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸುತ್ತಾನೆ, ಹಗಲು ಮೇಯಿಸುತ್ತಾನೆ, ಅಲ್ಲಿ ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್, ಹತ್ತು ನಿಮಿಷಕ್ಕೆ ಓಟಿಪಿ ಸತ್ತಿತು, ಚುಕ್ಕೆ ಅಳಿಸಿ ಎರಡೂ ಸೊನ್ನೆ ಮತ್ತೆ ಖಾಲಿ. ನಿಮ್ಮಪ್ಪನ ಫೋನಿಗಿಂತ ಟಗರಿನ ಕೊಳ್ಳಾಗಿನ ಗಂಟಿ ಚಲೋ ಕೇಳತೈತಿ ನೋಡು, ಮುಕ್ತಾರಣ್ಣ ನಕ್ಕ, ಕಾಕಾ ನಗಲಿಲ್ಲ, ಫೋನು ಮೇಜಿನ ಮೇಲೆ ಬಿಟ್ಟು ಚಹಾಕ್ಕೆ ಹೋದ.

ಏನಾಗ್ತಿ, ಯಾರ ಕುರಿ, ಎಲ್ಲಿ ಗುರುತು — ಕತ್ತರಿ ಅಪ್ಪನ ಕೈಯಲ್ಲಿ, ಹೋದ ವರ್ಷ, ಮರಿಗಳ ಕಿವಿಯ ತುದಿಯಲ್ಲಿ ನಮ್ಮ ಹಿಂಡಿನ ಕಚ್ಚು ಹಾಕುವ ದಿನ, ನನ್ನ ಹೆಸರಿಗೆ ಬಿಟ್ಟ ಕುರಿಯ ಮರಿ ನನ್ನ ತೊಡೆಯ ಮೇಲೆ, ಅದರ ಕಿವಿ ನನ್ನ ಬೆರಳ ನಡುವೆ, ಎದುರು ಬಿಸಿಲು, ಕಿವಿಯೊಳಗೆ ಕೆಂಪು ಬೆಳಕು, ಎಲೆಯಲ್ಲಿರುವಂಥ ಸಣ್ಣ ನರಗಳು, ಬ್ಯಾಡಪ್ಪಾ ಅಂದೆ. ಗುರ್ತಿಲ್ಲದ ಕುರಿ ಯಾರದರ ಹಿಂಡಿನ್ಯಾಗ ಸೇರ್ತೈತಿ, ಅಂದ ಕಾಕಾ. ಅಪ್ಪ ಕತ್ತರಿ ಕೆಳಗಿಟ್ಟ. ಆಯಿಯ ಕಥೆಯಲ್ಲೂ ಹೊಳೆ ದಾಟುವಾಗ ಹಿಂಡುಗಳು ಕಲೆಯುತ್ತವೆ, ಎಲ್ಲರೂ ಕಿವಿ ನೋಡಿ ತಮ್ಮ ತಮ್ಮದನ್ನು ಹೊಡೆದುಕೊಂಡು ಹೋಗುತ್ತಾರೆ, ಕಿವಿ ಕೊಯ್ಯದ ಒಂದು ಮರಿ ನೀರಿನಂಚಿಗೆ ನಿಂತಿರುತ್ತದೆ, ಆಯಿ ಅಲ್ಲೇ ನಿಲ್ಲಿಸುತ್ತಾಳೆ, ಆಮ್ಯಾಲ ಏನಾತು ಆಯಿ, ಆಮ್ಯಾಲಿಂದು ನೀ ಹೇಳು —

ಕಾಕಾನ ಫೋನು ಮೇಜಿನ ಮೇಲೆ ಅದುರುತ್ತದೆ, ಅಪ್ಪ, ಏದುಸಿರು, ಗುಡ್ಡ ಹತ್ತೇನಿ ತಂಗಿ, ಈಗ ಕಳಸು, ಸಿಟ್ಟಾಗಬ್ಯಾಡ, ರೋಡಿನ ಮ್ಯಾಲ ಇನ್ನೊಬ್ಬಂವನ ಹಿಂಡು ಎದುರು ಬಂದು ಎಲ್ಲಾ ಕಲತುಬಿಟ್ಟಿತ್ತು, ಕಿವಿ ನೋಡಿ ನೋಡಿ ಬ್ಯಾರೆ ಮಾಡೂದ್ರಾಗ ಹೊತ್ತು ಹೋತು, ಕಡೀಕ ನಿಂದೊಂದ ಉಳೀತು, ಗುರ್ತಿಲ್ಲ, ನಿಂದ ಹೆಂಗಂತಿ ಅಂದ ಆಂವ, ತಡಿಯಪಾ, ಕರೀತೇನಿ ಅಂದೆ, ಒಂದ ಸಲ ಕರದೆ, ಅಷ್ಟು ಕುರಿ ನಡುವ ಹಾದು ಬಂತು, ಆತು, ನೀ ಉಂಡಿಯೇನು.

ಉಂಡೇನಿ ಅಂದೆ, ಉಂಡಿಲ್ಲ, ಕೈ ಕೆಳಗಿನ ಸೊನ್ನೆಯ ಮೇಲಿದೆ, ಒತ್ತಿದ್ದೂ ಆಯಿತು, ಅಪ್ಪಾ ಕೆಳಗಿಂದ ಒತ್ತೇನಿ, ಕಾಕಾ ಹೇಳಿದ್ದಲ್ಲ, ಏನಾಗ್ತೇನಿ ನನಗೂ ಗೊತ್ತಿಲ್ಲ — ಅತ್ತ ಗಾಳಿ, ಒಂದು ಕೆಮ್ಮು — ಆಗಲಿ, ಬಂತು ನೋಡು, ಇಂಗ್ಲೀಷಿನ ನಡುವ ಆರು ಅಂಕಿ, ಬರ್ಕೋ, ಏಳು, ಸೊನ್ನಿ, ನಾಕು, ಕುರಿ ಎಣಿಸುವ ದನಿಯಲ್ಲೇ ಎಣಿಸುತ್ತಾನೆ, ನಾಕು, ಒಂದು, ಕಾಕಾ ಚಹಾದ ಗ್ಲಾಸು ಹಿಡಿದು ಬಾಗಿಲಲ್ಲಿ, ಪರದೆ ನೋಡಿದ, ನನ್ನನ್ನು ನೋಡಿದ, ಒಂಬತ್ತು, ಗ್ಲಾಸು ನನ್ನ ಕಡೆ ಸರಿಸಿದ, ಕುಡಿ, ಆರತೈತಿ — ಆತು ನೋಡವಾ, ಹೋತು, ಮುಕ್ತಾರಣ್ಣ ಅಂದ, ಪ್ರಿಂಟರಿನಿಂದ ಬಿಸಿ ಹಾಳೆ ಬರುತ್ತಿದೆ, ಬೆಳಕಿಗೆ ಹಿಡಿದೆ, ಅಕ್ಷರಗಳು ಕಾಣುವುದಿಲ್ಲ, ಕಿವಿ, ಬಿಸಿಲು ಹಾಯ್ದ ಕೆಂಪು ಕಿವಿ, ತುದಿಯ ತನಕ ಇಡಿಯಾಗಿರುವ ಕಿವಿ, ಕರೆದ ದನಿಯ ಕಡೆಗೆ ತಿರುಗಿದ ಕಿವಿ.